ಸೀಗೆನೀರು ಸವರಿದ ಗಾಜು

ನಮ್ಮ ಬ್ಯಾರನ್ನಿಗೆ ಇದ್ದದ್ದು ಒಂದೇ ಒಂದು ಕಿಟಕಿ. ಎರಡು ಅಂಗೈ ಅಗಲಿಸಿ ಹಿಡಿದರೆ ಮುಚ್ಚಿಹೋಗುವಷ್ಟು ಚಿಕ್ಕದು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಮನೆ. ರಾವಂದೂರಿನ ಸುತ್ತಮುತ್ತ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ, ಬೇರೆ ಸೀಮೆಯವರಿಗೆ ಹೇಳುತ್ತಿದ್ದೇನೆ. ಎತ್ತರದ ಗೋಡೆ, ಒಳಗೆ ಅಟ್ಟದ ಮೇಲೆ ಅಟ್ಟವಾಗಿ ಕಡ್ಡಿಗೆ ಕಟ್ಟಿದ ಹಸಿ ಸೊಪ್ಪು, ಹೊರಗಡೆ ಒಲೆ. ಒಲೆಯ ಶಾಖ ನೆಲದ ಮೇಲಿನ ತಗಡಿನ ಕೊಳವೆಗಳಲ್ಲಿ ಸುತ್ತಿಕೊಂಡು ಚಿಮಣಿಗೆ ಹೋಗುತ್ತದೆ. ಕಿಟಕಿಯ ಹಿಂದೆ ದಾರದಲ್ಲಿ ಒಂದು ಥರ್ಮಾಮೀಟರ್ ನೇತಾಡುತ್ತಿರುತ್ತದೆ. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗುತ್ತೋ ಸೀದ ರೊಟ್ಟಿಯ ಬಣ್ಣಕ್ಕೆ ತಿರುಗುತ್ತೋ ಅನ್ನೋದು ಆ ಕಿಟಕಿಯಲ್ಲಿ ಇಣುಕುವವರ ಕಣ್ಣಿಗೆ ಬಿಟ್ಟಿದ್ದು.

ನಮ್ಮ ಬ್ಯಾರನ್ನಿಗೆ ಇಣುಕುತ್ತಿದ್ದವರನ್ನು ನಾನು ಮಾವ ಅಂತಿದ್ದೆ. ರಕ್ತಸಂಬಂಧ ಏನೂ ಇಲ್ಲ, ಊರಿನ ವರಸೆಯಲ್ಲಿ ಮಾವ. ಐವತ್ತರ ಆಸುಪಾಸು, ಒಣಕಲು ದೇಹ, ಹೆಗಲ ಮೇಲೆ ಸದಾ ಮಸಿ ಹಿಡಿದ ಟವಲು. ಸ್ವಂತ ಜಮೀನು ಅಂತ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಬೆಂಕಿ ನೋಡೋದೇ ಅವರ ಕಸುಬು. ಊರಿನ ನಾಲ್ಕೈದು ಮನೆಯವರು ಅವರು ಬರುವ ದಿನ ನೋಡಿಕೊಂಡು ಸೊಪ್ಪು ಮುರಿಯುತ್ತಿದ್ದರು. "ಅವನು ಬೇಯ್ಸಿದ ಸೊಪ್ಪು ಕಣಯ್ಯ" ಅಂದರೆ ಹರಾಜಿನ ಕಟ್ಟೆಯಲ್ಲೂ ಜನ ಒಮ್ಮೆ ತಿರುಗಿ ನೋಡುತ್ತಿದ್ದರಂತೆ. ಓದು ಇಲ್ಲ, ಆದರೆ ಥರ್ಮಾಮೀಟರಿನ ಗೆರೆ ಒಂದೊಂದೂ ಗೊತ್ತು. ಅವರಿಗೆ ಇದ್ದ ಆಸ್ತಿ ಅಂದರೆ ಆ ಹೆಸರು ಒಂದೇ.

ಅವರದ್ದೊಂದು ಪದ್ಧತಿ ಇತ್ತು. ಒಲೆ ಹಚ್ಚುವ ಮೊದಲು ಕಿಟಕಿಯ ಗಾಜನ್ನು ಚೌಕಟ್ಟಿನಿಂದ ಮೇಲಕ್ಕೆಳೆದು ತೆಗೆಯುತ್ತಿದ್ದರು. ಬೂದಿ ಹಾಕಿ ಉಜ್ಜಿ ತೊಳೆದು, ಆಮೇಲೆ ಒಳಮುಖಕ್ಕೆ ಗಟ್ಟಿ ಸೀಗೆನೀರು ಸವರಿ, ನೆರಳಲ್ಲಿ ಆರಿಸಿ, ಮತ್ತೆ ಇಳಿಸುತ್ತಿದ್ದರು. ಬೆಂಕಿ ಆರುವ ತನಕ ದಿನಾ ಬೆಳಿಗ್ಗೆ ಇದೇ ಕೆಲಸ. ಆ ಗಾಜನ್ನು ಇನ್ಯಾರೂ ಮುಟ್ಟುವ ಹಾಗಿಲ್ಲ. ಯಾಕೆ ಅಂತ ಕೇಳಿದರೆ, "ಗಾಜು ಒದ್ದೆ ಆದ್ರೂ ಕಣ್ಣು ಕಾಣಬೇಕು ಕಣವ್ವ. ಸೀಗೆ ಆಕಿದ್ರೆ ನೀರು ಅಂಗೇ ಜಾರಿ ಒಂದೇ ಪೊರೆ ಆಯ್ತದೆ. ಆಕ್ದಿದ್ರೆ ಹನಿ ಹನಿ ನಿಂತ್ಕತದೆ" ಅಂತಿದ್ದರು.

ನಾನು ನಕ್ಕಿದ್ದೆ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಹುಡುಗಿ ನಾನು, ನಮ್ಮೂರಿಂದ ಅಷ್ಟು ಓದಿದವಳು ಬೇರೆ ಇರಲಿಲ್ಲ, ಅದರ ಕೊಬ್ಬು ಬೇರೆ. ಸೀಗೆಪುಡಿ ತಲೆಗೆ ಹಾಕೋದಪ್ಪಾ, ಗಾಜಿಗೆ ಯಾರಾದರೂ ಹಾಕ್ತಾರಾ! ಯಾವುದೋ ಮಡಿ ಮೈಲಿಗೆಯ ಪೈಕಿ ಇರಬೇಕು ಅಂದುಕೊಂಡಿದ್ದೆ. ಆವಿ ತಣ್ಣಗಿನ ಗಾಜಿಗೆ ತಗುಲಿದರೆ ನೀರಾಗುತ್ತದೆ, ಇದರಲ್ಲಿ ಸೀಗೆಯದ್ದೇನು ಪಾತ್ರ? ಹಾಗಂತ ಅವರ ಮುಂದೆಯೇ ಅಂದುಬಿಟ್ಟಿದ್ದೆ. "ನೀನು ಓದಿದೋಳು, ನಿಂಗೆ ಗೊತ್ತಿರ್ತದೆ ಬುಡು" ಅಂದು ಅವರು ಸೌದೆ ಒಟ್ಟೋಕೆ ಹೋಗಿದ್ದರು. ಕುಹಕ ಇರಲಿಲ್ಲ ಆ ಮಾತಿನಲ್ಲಿ. ಓದಿದವರಿಗೆ ಗೊತ್ತಿರುತ್ತದೆ ಅಂತ ನಿಜವಾಗಿ ನಂಬಿದ್ದರು. ಆ ನಂಬಿಕೆಯೇ ಅವರ ಕುತ್ತಿಗೆಗೆ ಬಂತು.

ತೊಂಬತ್ತರ ದಶಕದ ನಡುವೆ ಒಂದು ಗೌರಿ ಹಬ್ಬ. ಹಬ್ಬಕ್ಕೆ ಊರಿಗೆ ಬಂದಿದ್ದೆ. ಬ್ಯಾರನ್ನಿಗೆ ಹಬ್ಬವೂ ಇಲ್ಲ ಹುಣ್ಣಿಮೆಯೂ ಇಲ್ಲ. ಸೊಪ್ಪು ಒಳಗೆ ಹೋಗಿ ಎರಡನೇ ದಿನ. ಹಸಿರು ಹೋಗಿ ಹಳದಿ ಹತ್ತುವ ಹೊತ್ತು ಅದು, ಎಲೆಯಲ್ಲಿ ಇನ್ನೂ ತುಂಬಾ ನೀರಿರುತ್ತದೆ. ಆಗ ಶಾಖ ಒಂದೇ ಸಮ ಇರಬೇಕು. ನಿಧಾನವಾಗಿ ಏರಿಸಿದರೆ ಬಣ್ಣ ನಿಲ್ಲುತ್ತದೆ. ಒಂದೇ ಸಲ ಏರಿಸಿದರೆ ಎಲೆ ತನ್ನ ನೀರಿನಲ್ಲೇ ಬೆಂದು ಕಂದುತ್ತದೆ, ಆಮೇಲೆ ದೇವರು ಬಂದರೂ ಹಳದಿ ಆಗೋಲ್ಲ.

ಅಮ್ಮ ನನ್ನ ತಲೆಗೆ ಹರಳೆಣ್ಣೆ ಸುರಿದು ತಟ್ಟಿ, ನೆನೆಯಲಿ ಅಂತ ಟವಲು ಸುತ್ತಿ ಕೂರಿಸಿದ್ದರು. ಹನ್ನೊಂದು ಗಂಟೆ ಇರಬಹುದು. ಮಾವ ಹಿತ್ತಿಲ ಬಾಗಿಲಿಗೆ ಬಂದರು. ಅಪ್ಪ ಹಬ್ಬದ ಸಾಮಾನಿಗೆ ಪಿರಿಯಾಪಟ್ಟಣಕ್ಕೆ ಹೋಗಿದ್ದರು.

"ಮನೇಲಿ ಬಾಗಿನ ಕೊಡೋಕೆ ಕೂತವ್ರೆ, ಒಂದ್ ಗಳಿಗೆ ಓಗ್ಬತ್ತೀನಿ ಕಣವ್ವ. ಸೌದೆ ಲೆಕ್ಕವಾಗಿ ಆಕಿದ್ದೀನಿ. ನೂರರ ಗೆರೆ ಮೇಲೈತೆ. ಸುಮ್ಕೆ ಇಣುಕಿ ನೋಡ್ತಿರು. ಒಲೆ ಮುಟ್ಬೇಡ, ಗಾಜೂ ಮುಟ್ಬೇಡ. ಇಳೀತಾ ಇದ್ರೆ ಯಾರನ್ನಾದ್ರೂ ಕಳ್ಸು, ಓಡ್ಬತ್ತೀನಿ."

"ಹೋಗ್ಬನ್ನಿ ಮಾವ, ಥರ್ಮಾಮೀಟರ್ ನೋಡೋಕೆ ನಂಗೆ ಹೇಳಿಕೊಡ್ಬೇಕಾ?" ಅಂದೆ.

ಅವರು ಹೋದ ಮೇಲೆ ಇಣುಕಿದೆ. ಗಾಜಿನ ಒಳಮುಖದ ಮೇಲೆ ನೀರು ತೆಳ್ಳಗೆ ಹರಡಿಕೊಂಡು ನಿಂತಿತ್ತು. ಪಾದರಸ ಸ್ಪಷ್ಟವಾಗಿ ನೂರು ಡಿಗ್ರಿ ಫ್ಯಾರನ್‌ಹೀಟಿನಲ್ಲೇ ಇತ್ತು. ಆದರೆ ಸೀಗೆಯ ಎರಡು ಮೂರು ಕಂದು ಗೆರೆ ಗಾಜಿನ ಮೇಲೆ ಉಳಿದಿದ್ದವು. ನನ್ನ ಕಣ್ಣಿಗೆ ಅದು ಕೊಳೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಕೊಳೆ ಗಾಜಿನಲ್ಲಿ ರೀಡಿಂಗ್ ತೆಗೆಯೋದುಂಟಾ? ಗಾಜನ್ನು ಮೇಲಕ್ಕೆಳೆದೆ, ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಅದರಲ್ಲೇ ಚೆನ್ನಾಗಿ ತಿಕ್ಕಿದೆ, ಅಂಗೈಯಲ್ಲೂ ಒಮ್ಮೆ ಸವರಿ, ಇಳಿಸಿದೆ. ಫಳಫಳ ಅಂತು. ಎಷ್ಟು ಖುಷಿಯಾಯಿತು ನನಗೆ!

ಅರ್ಧ ಗಂಟೆ ಬಿಟ್ಟು ನೋಡಿದರೆ ಗಾಜಿನ ತುಂಬಾ ಹನಿ. ಸಾಸಿವೆಯಷ್ಟು, ಕಡಲೆಯಷ್ಟು, ಒಂದಕ್ಕೊಂದು ಅಂಟಿಕೊಳ್ಳದೆ ಉಬ್ಬಿಕೊಂಡು ಕೂತಿದ್ದವು. ಅವುಗಳ ಹಿಂದೆ ಪಾದರಸದ ಗೆರೆ ತುಂಡು ತುಂಡಾಗಿ ಕಂಡಿತು. ಕೆಳಗಿನ ತುಂಡು ಎಲ್ಲಿ ಮುಗಿದಿತ್ತೋ ಅದನ್ನೇ ತುದಿ ಅಂದುಕೊಂಡೆ. ತೊಂಬತ್ತೆರಡು. ಅಯ್ಯೋ, ಇಳಿದುಬಿಟ್ಟಿದೆ! ಮಾವನಿಗೆ ಹೇಳಿಕಳಿಸಬೇಕಿತ್ತು. ಪಕ್ಕದ ಬೀದಿ ಅಷ್ಟೇ. ಆದರೆ ಹೇಳಿಕಳಿಸಿದರೆ ನನ್ನ ಎಂ.ಎಸ್ಸಿ. ಮರ್ಯಾದೆ ಏನಾಗಬೇಕು? ಎರಡು ದಪ್ಪ ಕೊರಡು ಒಲೆಗೆ ನೂಕಿದೆ. ಇನ್ನೊಂದು ಸಲ ಇಣುಕಿದಾಗಲೂ ತೊಂಬತ್ತರ ಆಸುಪಾಸೇ. ಇನ್ನೆರಡು ನೂಕಿದೆ. ಆಮೇಲೆ ಹೋಗಿ ಸ್ನಾನ ಮಾಡಿದೆ.

ಮಾವ ಬಂದಾಗ ನಾನು ಹಬ್ಬದ ಸೀರೆ ಉಟ್ಟು ಕೂದಲು ಆರಿಸಿಕೊಳ್ಳುತ್ತಿದ್ದೆ. ಅವರು ಕಿಟಕಿಗೆ ಕಣ್ಣಿಟ್ಟರು, ಗಾಜನ್ನು ಕಿತ್ತು ಒಳಗೇ ನೋಡಿದರು, "ಅಯ್ಯಯ್ಯೋ!" ಅಂತ ಕೂಗಿದರು. ಆ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಮೇಲಿನ ಕೆಳಗಿನ ಗಾಳಿಕಿಂಡಿ ಎಲ್ಲಾ ತೆಗೆದು, ಬರಿಗೈಯಲ್ಲಿ ಉರಿಯುವ ಕೊರಡು ಎಳೆದು ಹೊರಗೆ ಹಾಕಿದರು. ಬಾಗಿಲು ತೆರೆದಾಗ ಹಬೆ ಮುಖಕ್ಕೆ ಬಡಿಯಿತು. ಕೆಳಗಿನ ಅಟ್ಟದ ಸೊಪ್ಪು ಆಗಲೇ ಬಾಡಿದ ಬದನೆಯ ಬಣ್ಣಕ್ಕೆ ತಿರುಗಿತ್ತು.

"ಸೌದೆ ಆಕಿದ್ರಾ ಯಾರಾದ್ರೂ?" ಅಂತ ಕೇಳಿದರು.

"ಇಲ್ಲ ಮಾವ. ನೀವು ಹಾಕಿಹೋಗಿದ್ದೇ."

"ಗಾಜು?"

"ಯಾರೂ ಮುಟ್ಟಿಲ್ಲ."

ಅವರು ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ನಾನು ಕೂದಲು ಕೊಡವಿಕೊಂಡೆ. ಆಮೇಲೆ ಅವರು ಮೆಲ್ಲಗೆ, ತಮಗೆ ತಾವೇ ಅಂದುಕೊಂಡರು: "ಅಂಗಾರೆ ಬೆಳಿಗ್ಗೆ ಸೀಗೆ ಆಕೋದೇ ಮರ್ತನಾ ನಾನು? ಸೌದೇನೂ ಜಾಸ್ತಿ ಆಕ್ಬುಟ್ನಾ?"

ಹೇಳಬಹುದಿತ್ತು. ಆ ಕ್ಷಣದಲ್ಲಿ ಬಾಯಿಬಿಟ್ಟಿದ್ದರೆ ಅಪ್ಪನ ಎರಡು ಬೈಗುಳ ತಿಂದು ಮುಗಿದುಹೋಗುತ್ತಿತ್ತು. ಕೂದಲು ಕಟ್ಟಿಕೊಂಡು ಒಳಗೆ ಹೋದೆ. ಅಪ್ಪ ಮಧ್ಯಾಹ್ನ ಬಂದು ನೋಡಿದವರು ಹಬ್ಬದ ದಿನ ಅಂತಲೂ ನೋಡದೆ ಬೀದಿಯಲ್ಲಿ ನಿಂತು ಕೂಗಾಡಿದರು. "ಹಬ್ಬ ಅಂತ ಕುಡ್ದಿದ್ದೇನ್ಲಾ? ಕಣ್ಣು ಎಲ್ಲಿಟ್ಟಿದ್ದೆ? ಇನ್ನೊಂದ್ಸಲ ನನ್ನ ಬ್ಯಾರನ್ ಕಡೆ ತಲೆ ಹಾಕ್ಬೇಡ." ಮಾವ ಕುಡಿಯುವವರೇ ಅಲ್ಲ. ಊರ ಜನವೆಲ್ಲ ಅವರವರ ಬಾಗಿಲಲ್ಲಿ ನಿಂತು ಕೇಳಿದರು. ನಾನು ಒಳಗೆ ಕಡುಬು ತಿನ್ನುತ್ತಿದ್ದೆ. ಹೌದು, ತಿನ್ನುತ್ತಿದ್ದೆ, ಗಂಟಲಲ್ಲಿ ಇಳಿಯಿತು ಕೂಡ. ಇದನ್ನು ಬರೆಯುವಾಗ ನನಗೇ ಹೇಸಿಗೆಯಾಗುತ್ತದೆ.

ಆ ವರ್ಷ ಇನ್ನೊಂದಿಬ್ಬರು ಅವರನ್ನು ಕರೆದರಂತೆ. ಅವರೇ ಹೋಗಲಿಲ್ಲ. ಮುಂದಿನ ವರ್ಷ ಯಾರೂ ಕರೆಯಲಿಲ್ಲ. ಆಮೇಲೆ ಎಚ್.ಡಿ. ಕೋಟೆ ಕಡೆಯ ಅಂತರಸಂತೆಯಲ್ಲಿರುವ ಮಗಳ ಮನೆಗೆ ಹೋಗಿ ಸೇರಿಕೊಂಡರು ಅಂತ ಅಮ್ಮ ಯಾವಾಗಲೋ ಮಾತಿನ ಮಧ್ಯೆ ಹೇಳಿದರು. "ಹೌದಾ" ಅಂದು ಬೇರೆ ಮಾತೆತ್ತಿದೆ.

ನಾನು ಪಾಸಾದೆ, ಲೆಕ್ಚರರ್ ಆದೆ, ಎರಡು ಸಾವಿರದ ನಂತರ ಪಿಎಚ್.ಡಿ.ಗೂ ಸೇರಿದೆ. ಗೈಡ್ ಕೊಟ್ಟ ವಿಷಯ ಕೇಳಿದಾಗ ನಮ್ಮ ಬ್ಯಾರನ್ನಿನ ಕಿಟಕಿಯೇ ಕಣ್ಣ ಮುಂದೆ ಬಂತು: ಆವಿ ಒಂದು ಮೇಲ್ಮೈಯ ಮೇಲೆ ಹೇಗೆ ನೀರಾಗಿ ಕೂರುತ್ತದೆ, ಆ ಮೇಲ್ಮೈ ನೀರನ್ನು ಎಷ್ಟು ಹಚ್ಚಿಕೊಳ್ಳುತ್ತದೆ ಮತ್ತು ಎಷ್ಟು ತಣ್ಣಗಿದೆ ಅನ್ನೋದರ ಮೇಲೆ ಅದು ಹೇಗೆ ಬದಲಾಗುತ್ತದೆ. ಅದೂ ಕಣ್ಣಿಗೆ ಕಾಣುವ ಹನಿಯಲ್ಲ, ನ್ಯಾನೋ ಅಳತೆಯದ್ದು, ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಸಿಗುವಷ್ಟು ಸಣ್ಣ ಜಾಗದಲ್ಲಿ. ಕಂಪ್ಯೂಟರಿನೊಳಗೆ ಒಂದು ತಣ್ಣನೆಯ ಗೋಡೆ ಕಟ್ಟಬೇಕು, ನೀರಿನ ಅಣುಗಳನ್ನು ಬಿಡಬೇಕು, ಅವು ಏನು ಮಾಡುತ್ತವೆ ಅಂತ ದಿನಗಟ್ಟಲೆ ಕಾಯಬೇಕು.

ನೀರನ್ನು ಹಚ್ಚಿಕೊಳ್ಳುವ ಗೋಡೆಯಾದರೆ ಅಣುಗಳು ಬಂದ ಹಾಗೇ ಕೂತು, ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು, ಪಂಕ್ತಿಯಲ್ಲಿ ಊಟಕ್ಕೆ ಕೂತವರ ಹಾಗೆ ಹರಡಿ ಒಂದು ಪೊರೆಯಾಗುತ್ತಿದ್ದವು. ಒಲ್ಲದ ಗೋಡೆಯಾದರೆ ಬಂದವು ಬಂದ ಹಾಗೇ ಹಿಂದಕ್ಕೆ ಹಾರುತ್ತಿದ್ದವು. ಅಲ್ಲೊಂದು ಇಲ್ಲೊಂದು ಗುಂಪು ನಿಂತು ಉಬ್ಬಿ ಹನಿಯಾಗುತ್ತಿತ್ತು. ಗೋಡೆಯನ್ನು ಇನ್ನಷ್ಟು ತಣ್ಣಗೆ ಮಾಡಿದರೆ ಒಲ್ಲದ ಗೋಡೆಯ ಮೇಲೂ ಹನಿ ಬೇಗ ಬೇಗ ಹುಟ್ಟುತ್ತಿತ್ತು. ತಣ್ಣಗಿನ ಪ್ರಮಾಣ ಕಮ್ಮಿಯಾದರೆ ಹಚ್ಚಿಕೊಳ್ಳುವ ಗೋಡೆಗೆ ಮಾತ್ರ ನೀರು. ಎರಡೇ ಎರಡು ಸಂಖ್ಯೆ ಬದಲಾಯಿಸುತ್ತಾ ನಾಲ್ಕು ವರ್ಷ ಕಳೆದೆ. ಸೀಗೆ ಸವರಿದ ಗಾಜು ನೀರನ್ನು ಹಚ್ಚಿಕೊಳ್ಳುವ ಗೋಡೆ. ನನ್ನ ಹರಳೆಣ್ಣೆಯ ಟವಲು ಅದನ್ನು ಒಲ್ಲದ ಗೋಡೆ ಮಾಡಿತ್ತು. ಮಾವ ನೂರು ಸಲ ಕಣ್ಣಿಂದ ಕಂಡು ಕಂಡುಹಿಡಿದದ್ದನ್ನು ನಾನು ಪರದೆಯ ಮೇಲೆ ಚುಕ್ಕಿ ಎಣಿಸಿ ಹಿಡಿಯುತ್ತಿದ್ದೆ.

ಆಗಲಾದರೂ ಎದ್ದು ಹೋದೆನಾ? ಇಲ್ಲ. ಅದಕ್ಕಿಂತ ಕೀಳು ಕೆಲಸ ಮಾಡಿದೆ. ಒಂದು ಕಾಲೇಜಿನಲ್ಲಿ ಭಾಷಣಕ್ಕೆ ಕರೆದಿದ್ದರು. ಮಕ್ಕಳಿಗೆ ರುಚಿಯಾಗಲಿ ಅಂತ, "ನಮ್ಮೂರಿನಲ್ಲಿ ಒಬ್ಬ ಅನಕ್ಷರಸ್ಥ ಬ್ಯಾರನ್ ಕೆಲಸಗಾರ ಇದ್ದರು, ಗಾಜಿಗೆ ಸೀಗೆನೀರು ಸವರುತ್ತಿದ್ದರು" ಅಂತ ಶುರುಮಾಡಿದೆ. ಜನಪದರ ಜ್ಞಾನ, ಅದು ಇದು ಅಂತ ಹೊಗಳಿದೆ. ಚಪ್ಪಾಳೆ ಬಿತ್ತು. ಒಬ್ಬ ಹುಡುಗಿ ಎದ್ದು, "ಅವರು ಈಗ ಏನ್ಮಾಡ್ತಿದಾರೆ ಮೇಡಂ?" ಅಂತ ಕೇಳಿದಳು. "ಗೊತ್ತಿಲ್ಲಮ್ಮ" ಅಂದೆ. ಗೊತ್ತಿತ್ತು. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಕೆಲಸ ಕಳೆದದ್ದಲ್ಲದೆ ಅವರ ಹೆಸರಲ್ಲಿ ಚಪ್ಪಾಳೆಯನ್ನೂ ತಿಂದೆನಲ್ಲ. ಮನೆಗೆ ಬಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಆ ವಾರವೇ ಅಂತರಸಂತೆಯ ಬಸ್ಸು ಹತ್ತಿದೆ. ಗೌರಿ ಹಬ್ಬ ಕಳೆದು ಹನ್ನೊಂದು ವರ್ಷವಾಗಿತ್ತು.

ಅವತ್ತು ಸಂತೆ. ಮಾವ ಅಳಿಯನ ಹುಣಸೆಹಣ್ಣಿನ ರಾಶಿಯ ಮುಂದೆ ಗೋಣಿಚೀಲದ ಮೇಲೆ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೋಡಿದ ತಕ್ಷಣ ಗುರುತು ಹಿಡಿದರು. "ಅಯ್, ಬಾ ಮಗ, ಬಾ! ಎಷ್ಟು ದಿನ ಆಯ್ತು! ಕಾಪಿ ಕುಡೀತೀಯ?" ಅಂತ ಗೋಣಿ ಸರಿಸಿ ಜಾಗ ಕೊಟ್ಟರು. ಆ ಆದರ ತಡೆದುಕೊಳ್ಳೋಕೆ ಆಗಲಿಲ್ಲ. ಕೂರುವುದಕ್ಕೆ ಮೊದಲೇ ಎಲ್ಲಾ ಹೇಳಿಬಿಟ್ಟೆ. ಟವಲು, ಎಣ್ಣೆ, ಸೌದೆ, ಸುಳ್ಳು.

ಅವರು ಹುಣಸೆಹಣ್ಣಿನ ನಾರು ಕೀಳತೊಡಗಿದರು. ಗಿರಾಕಿ ಒಬ್ಬಳು ಬಂದು ಕೇಳಿದರೂ ತಲೆ ಎತ್ತಲಿಲ್ಲ.

"ಮೈಸೂರಿಗೆ ಓಗಿ ಕಣ್ಣು ತೋರ್ಸ್ಕಂಡು ಬಂದೆ ಕಣವ್ವ, ಆವಾಗ" ಅಂದರು. "ಡಾಕ್ಟ್ರು ಕಣ್ಣು ಚೆನ್ನಾಗೈತೆ ಅಂದ್ರು. ಕಣ್ಣು ಚೆನ್ನಾಗಿದ್ರೆ ಮತ್ತೆ ಬುದ್ಧಿಯೇ ಕೆಟ್ಟೈತೆ ಅನ್ಕಂಡೆ. ಬೆಳಿಗ್ಗೆ ಸೀಗೆ ಆಕಿದ್ದು ನಂಗೆ ಗ್ಯಾಪಕ ಇತ್ತು. ನೀನು ಯಾರೂ ಮುಟ್ಟಿಲ್ಲ ಅಂದೆ. ಓದಿದ ಕೂಸು ಯಾಕೆ ಸುಳ್ಳು ಏಳೀತು? ಗ್ಯಾಪಕವೇ ಸುಳ್ಳು ಅನ್ಕಂಡೆ."

"ತಪ್ಪಾಯ್ತು ಮಾವ. ಕ್ಷಮಿಸಿ."

ಆಗ ಅವರಿಗೆ ಸಿಟ್ಟು ಬಂತು. ಅವರ ಸಿಟ್ಟನ್ನು ನಾನು ಮೊದಲ ಸಲ ನೋಡಿದ್ದು. "ಇಲ್ಲಿ ಬಂದು ಏಳ್ತೀಯಲ್ಲ, ಇಲ್ಲಿ ಯಾವನಿಗೆ ಗೊತ್ತು ಅದು? ಈ ಸಂತೇಲಿ ನನ್ನ ಯಾವನೂ ಬೈದಿಲ್ಲ. ಊರಲ್ಲಿ ಬೈದ್ರು, ಊರಲ್ಲಿ ಏಳು. ಹತ್ತು ಜನದ ಮುಂದೆ. ಏಳ್ತೀಯಾ?"

"ಹೇಳ್ತೀನಿ" ಅಂದೆ.

ಮಾರನೇ ದಿನ ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಅಂತ ಬಸ್ಸು ಬದಲಾಯಿಸುತ್ತಾ ಇಬ್ಬರೂ ಹೊರಟೆವು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಊರು ತಲುಪಿದಾಗ ಸಾಯಂಕಾಲದ ಹಾಲಿನ ಹೊತ್ತು. ಡೈರಿ ಮುಂದೆ ಹದಿನೈದಿಪ್ಪತ್ತು ಜನ ಕ್ಯಾನು ಹಿಡಿದು ನಿಂತಿದ್ದರು, ಅವರೊಳಗೆ ಅಪ್ಪನೂ. ಮಾವನನ್ನು ನೋಡಿ ಎಲ್ಲರೂ ಇತ್ತ ತಿರುಗಿದರು. ನಾನು ಮಧ್ಯಕ್ಕೆ ಹೋದೆ.

ಈಗ ಹೇಳುವುದೇ ಎಲ್ಲಕ್ಕಿಂತ ಕಷ್ಟ. ಬಸ್ಸಿನ ಉದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ, ಬಾಯಿಗೆ ಬಂದದ್ದು ನನ್ನ ಥೀಸಿಸ್ಸು. "ಆವತ್ತು ನಮ್ಮ ಬ್ಯಾರನ್ನಿನಲ್ಲಿ ಸೊಪ್ಪು ಹಾಳಾಯ್ತಲ್ಲ, ಅದಕ್ಕೆ ಕಾರಣ ಗಾಜಿನ ಮೇಲ್ಮೈ. ಗಾಜಿನ ಮೇಲೆ ಎಣ್ಣೆಯ ಅಂಶ ಇದ್ದರೆ ಆವಿ ಪೊರೆಯಾಗದೆ ಹನಿಯಾಗುತ್ತೆ. ಹನಿ ಬೆಳಕನ್ನು ಬಗ್ಗಿಸುತ್ತೆ. ಉಷ್ಣತೆ ತಪ್ಪಾಗಿ ಕಾಣುತ್ತೆ..." ಹೀಗೇ ಹೋಯಿತು ಐದು ನಿಮಿಷ. ಪಾಠ ಮಾಡುವ ದನಿ. ಕೈ ಕೂಡ ಬೋರ್ಡಿನ ಮೇಲೆ ಬರೆಯುವ ಹಾಗೆ ಆಡುತ್ತಿತ್ತು. ಜನ ತಲೆಯಾಡಿಸಿದರು.

"ಓಹೋ, ಗಾಜಿನ ದೋಸನಾ!" ಅಂದರು ಒಬ್ಬರು. "ಅದೇ ಮತ್ತೆ, ಎಂಥಾ ಕೆಲಸಗಾರ!" ಅಂದರು ಇನ್ನೊಬ್ಬರು. ಅಪ್ಪನ ಮುಖದಲ್ಲೂ ನೆಮ್ಮದಿ ಕಾಣಿಸಿತು. ಎಲ್ಲರಿಗೂ ಒಪ್ಪಿಗೆಯಾಗುವ ಹಾಗಿತ್ತು, ಯಾರದ್ದೂ ತಪ್ಪಿಲ್ಲ. ನಿಜ ಹೇಳಬೇಕೆಂದರೆ ನನಗೂ ಹಗುರ ಅನ್ನಿಸಿಬಿಟ್ಟಿತು. ಇಷ್ಟಕ್ಕೇ ಮುಗಿಯಿತಲ್ಲ ಅಂದುಕೊಂಡೆ.

ಮಾವ ನನ್ನ ಹತ್ತಿರ ಬಂದರು. ದನಿ ಎತ್ತರಿಸಲಿಲ್ಲ.

"ಗಾಜಿನ ವಿಚಾರ ಸಾಕು ಕಣವ್ವ. ಗಾಜು ಬಂದು ನಂಗೆ ಸುಳ್ಳು ಏಳ್ಲಿಲ್ಲ."

ಡೈರಿಯೊಳಗೆ ಹಾಲು ಅಳೆಯುತ್ತಿದ್ದವನೂ ಕೈ ನಿಲ್ಲಿಸಿದ.

"ನಾನು ಗಾಜು ಒರೆಸಿದೆ" ಅಂದೆ. "ನಾನು ಸೌದೆ ಹಾಕಿದೆ. ಮಾವ ಕೇಳಿದಾಗ ಇಲ್ಲ ಅಂದೆ. ಅಪ್ಪ ಬೀದಿಯಲ್ಲಿ ಬೈಯುವಾಗ ನಾನು ಒಳಗೆ ಊಟ ಮಾಡ್ತಿದ್ದೆ. ಇವರದ್ದು ಏನೂ ತಪ್ಪಿರಲಿಲ್ಲ."

ಯಾರೂ ತಲೆಯಾಡಿಸಲಿಲ್ಲ ಈ ಸಲ. ಒಬ್ಬ ಹೆಂಗಸು, ನನಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಿಗೆ ಸೆರಗು ಇಟ್ಟುಕೊಂಡು ನನ್ನನ್ನೇ ನೋಡಿದಳು. ಅಪ್ಪ ಕ್ಯಾನು ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು, ಮತ್ತೆ ಕೆಳಗಿಟ್ಟರು. ಆಮೇಲೆ ಮಾವನ ಮುಂದೆ ಹೋಗಿ ನಿಂತು, ಏನೋ ಹೇಳೋಕೆ ಹೋಗಿ, "ಮನೆಗೆ ಬಾ, ಊಟ ಮಾಡೋಣ" ಅಂದರು. ಅಷ್ಟೇ ಅವರ ಬಾಯಲ್ಲಿ ಬಂದದ್ದು.

ಮಾವ ಬಂದರು. ಅಪ್ಪನ ಪಕ್ಕದಲ್ಲೇ ಕೂತು ಉಂಡರು, ನಾನೇ ಬಡಿಸಿದೆ. ಮುದ್ದೆ ಇನ್ನೊಂದು ಹಾಕಲಾ ಅಂದಾಗ "ಸಾಕು ಮಗ" ಅಂದರು. ಅಪ್ಪ ಆ ವರ್ಷದ ಸೊಪ್ಪಿನ ವಿಷಯ ಎತ್ತಿದರು. ಈಗ ಬ್ಯಾರನ್ ನೋಡುವವನಿಗೆ ಬಣ್ಣವೇ ಕೂರುತ್ತಿಲ್ಲ, ನಾಡಿದ್ದು ಸೊಪ್ಪು ಒಳಗೆ ಹೋಗುತ್ತೆ, ನೀನೇ ಬಂದು ಹಚ್ಚು ಅಂದರು. ಹೇಳುವಾಗ ಅವರ ದನಿ ಮೆತ್ತಗಾಗಿತ್ತು. ಮಾವ ಗೋಡೆಯನ್ನೇ ನೋಡುತ್ತಿದ್ದರು.

"ಆಗಲ್ಲ ಕಣಪ್ಪ" ಅಂದರು. "ಈಗ ಒಲೆ ಮೇಲೆ ಸಾರು ಕುದೀತಿದ್ರೂ ಮೂರು ಸತಿ ಎದ್ದೋಗಿ ನೋಡ್ತೀನಿ. ಮಗಳು ನಗ್ತಾಳೆ. ಏನು ನೋಡಿದ್ರೂ ನಂಬಿಕೆ ಬರಲ್ಲ."

"ಈಗ ಎಲ್ಲಾ ಗೊತ್ತಾಯ್ತಲ್ಲ, ನಿನ್ನ ತಪ್ಪಲ್ಲ ಅಂತ. ಒಂದ್ಸಲ ಬಂದು ನೋಡು ಬಾ, ಬರೀ ನೋಡು" ಅಂತ ಅಪ್ಪ ಎದ್ದು ಹಿತ್ತಿಲ ಬಾಗಿಲು ತೆರೆದರು. ಬಾಗಿಲಿಂದ ಬ್ಯಾರನ್ನಿನ ಗೋಡೆ ಕಾಣುತ್ತಿತ್ತು.

ಮಾವ ತಟ್ಟೆಯ ಪಕ್ಕದ ಚೊಂಬಿನ ನೀರಿನಲ್ಲಿ ಕೈ ತೊಳೆದರು. ಬಿಳಿ ಅಂಗಿಗೆ ತಾಗದ ಹಾಗೆ ಟವಲಿನಲ್ಲಿ ಒರೆಸಿಕೊಂಡರು. ನನ್ನ ಕಡೆ ತಿರುಗಿ, "ಕೊನೇ ಬಸ್ಸು ಎಷ್ಟೊತ್ತಿಗೆ?" ಅಂತ ಕೇಳಿ, ಮುಂಬಾಗಿಲಿಂದ ಹೊರಟುಹೋದರು.